ಆರು ವರ್ಷ ಮರೈನ್ ಇನ್ಶೂರೆನ್ಸ್ ಕಟ್ಟಿದ ಮೇಲೆ ನನಗನಿಸಿದ್ದು

ತಿಪಟೂರಿನ ಹತ್ತಿರ ನಮ್ಮದೊಂದು ಸಣ್ಣ ಕೋಕೋಪೀಟ್ ಘಟಕ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಕಣದಲ್ಲಿ ಒಣಗಿಸಿ, ಐದು ಕೆಜಿ ಬ್ಲಾಕ್ ಒತ್ತಿ, ಚೆನ್ನೈ ಬಂದರಿನಿಂದ ಯುರೋಪಿಗೆ ಕಳಿಸುತ್ತೇವೆ. ಮರೈನ್ ಕಾರ್ಗೋ ಓಪನ್ ಕವರ್, ಅಂದರೆ ಕಳಿಸುವ ಪ್ರತಿ ಲೋಡಿಗೂ ಅನ್ವಯಿಸುವ ಸರಕಿನ ಇನ್ಶೂರೆನ್ಸ್, ತಗೊಂಡು ಆರು ವರ್ಷ ಆಯ್ತು. ಕಂಪನಿ ಹೆಸರು ಬೇಡ, ಬೈಯುವುದೂ ಇದೆ.

ಇದರಲ್ಲಿ ಎ, ಬಿ, ಸಿ ಅಂತ ಮೂರು ಬಗೆಯ ಷರತ್ತುಗಳಿವೆ. ಮೊದಲ ಎರಡು ವರ್ಷ ನಾವು ತಗೊಂಡಿದ್ದು ಎಲ್ಲಕ್ಕಿಂತ ಕಡಿಮೆ ರಕ್ಷಣೆಯ ‘ಸಿ’. ಸಿಐಎಫ್ (ಸರಕಿನ ಬೆಲೆ, ಇನ್ಶೂರೆನ್ಸ್, ಹಡಗಿನ ಬಾಡಿಗೆ ಎಲ್ಲ ಸೇರಿದ ದರ) ವ್ಯಾಪಾರದಲ್ಲಿ ಇನ್ಶೂರೆನ್ಸ್ ಮಾಡಿಸುವುದು ಮಾರುವವರ ಕೆಲಸ. ಬೇರೆ ಮಾತಾಗದಿದ್ದರೆ ‘ಸಿ’ ಇದ್ದರೆ ಸಾಕು, ಬಿಲ್ಲಿನ ಮೊತ್ತದ ಶೇ. 110ಕ್ಕೆ. ಸುಮ್ನೆ ಜಾಸ್ತಿ ಯಾಕೆ ಕಟ್ಟೋದು ಅಂತ ಅಷ್ಟಕ್ಕೇ ಬಿಟ್ಟಿದ್ದೆವು. ಮೂರನೇ ವರ್ಷ ಬ್ರೋಕರ್ ಗಂಟುಬಿದ್ದು ಎಲ್ಲಕ್ಕಿಂತ ಹೆಚ್ಚು ರಕ್ಷಣೆಯ ‘ಎ’ಗೆ ಬದಲಾಯಿಸಿದರು. ಕಂಟೇನರಿಗೆ ಮುನ್ನೂರು ರೂಪಾಯಿ ಹೆಚ್ಚು, ಅಷ್ಟೇ.

ಅದೇ ವರ್ಷ ರಾಟರ್‌ಡ್ಯಾಮ್‌ನಿಂದ ಖರೀದಿದಾರರ ವಿಡಿಯೋ ಬಂತು. ಕಂಟೇನರ್ ಚಾವಣಿಯಲ್ಲಿ ಬೆರಳು ತೂರುವಷ್ಟು ತೂತು. ಒಣ ಕೋಕೋಪೀಟಿಗೆ ನೀರು ತಾಗಿದರೆ ಕೇಳಬೇಕಾ? ಮೇಲಿನ ಸಾಲಿನ ಬ್ಲಾಕುಗಳೆಲ್ಲ ರಾತ್ರಿ ಉಕ್ಕಿದ ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ ಬಾಗಿಲಿಗೆ ಒತ್ತಿಕೊಂಡಿದ್ದವು. ಸರ್ವೇಯರ್ ಬಂದು ಒಳಗೋಡೆಯ ಕಲೆಗೆ ಎರಡು ತೊಟ್ಟು ಸಿಲ್ವರ್ ನೈಟ್ರೇಟ್ ಬಿಟ್ಟರು. ಸಮುದ್ರದ ನೀರಾಗಿದ್ದರೆ ಹಾಲಿನ ಹಾಗೆ ಬೆಳ್ಳಗಾಗಬೇಕು. ಆಗಲಿಲ್ಲ. ಮಳೆ ನೀರು! ‘ಸಿ’ಯಲ್ಲಿ ಇದಕ್ಕೆ ಬಿಡಿಗಾಸೂ ಸಿಗುತ್ತಿರಲಿಲ್ಲ. ‘ಬಿ’ಯಲ್ಲೂ ಸಮುದ್ರ, ನದಿ, ಕೆರೆ ನೀರು ಒಳಗೆ ನುಗ್ಗಿದರೆ ಮಾತ್ರ.

ಕ್ಲೇಮ್ ಖರೀದಿದಾರರ ಹೆಸರಲ್ಲಿ, ಓಡಾಟ ನಮ್ಮದು. ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಸರಕು ಹತ್ತಿಸಿಕೊಂಡಿದ್ದಕ್ಕೆ ಹಡಗು ಕಂಪನಿ ಕೊಡುವ ರಸೀದಿ), ಫೋಟೋ, ಹಡಗು ಕಂಪನಿಗೆ ಬರೆದ ದೂರು ಅಂತ ಒಂದೇ ಕಾಗದವನ್ನು ಇನ್ಶೂರೆನ್ಸ್‌ನವರು ಮೂರು ಸಲ ಕೇಳಿದರು. ನಾಲ್ಕು ತಿಂಗಳ ಮೇಲೆ ಖರೀದಿದಾರರಿಗೆ ದುಡ್ಡು ಬಂತು, ನಮ್ಮ ಬಾಕಿಯೂ ಬಂತು.

‘ಹಡಗಿನವರೇ ಕೊಡಬೇಕಲ್ವಾ’ ಅಂತ ನಮ್ಮ ಕಡೆ ಬಹಳ ಜನ ಕೇಳುತ್ತಾರೆ. ಅವರ ಹೊಣೆಗೆ ಪ್ಯಾಕೇಜು, ತೂಕದ ಲೆಕ್ಕದಲ್ಲಿ ಮಿತಿ ಇದೆ. ಬೆಂಕಿ, ಬಿರುಗಾಳಿ ಅಂತ ಜಾರಿಕೊಳ್ಳಲು ದಾರಿಯೂ ಉಂಟು. ಇನ್ನೊಂದು ವಿಚಿತ್ರ, ‘ಜನರಲ್ ಆವರೇಜ್’, ಅಂದರೆ ಹಡಗನ್ನು ಅಪಾಯದಿಂದ ಪಾರುಮಾಡಿದ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವುದು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಅನ್ನೋ ಹಡಗು ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡಿತ್ತಲ್ಲ, ಬಿಡಿಸಿದ ಖರ್ಚಿನಲ್ಲಿ ಸರಕಿನವರೆಲ್ಲ ಪಾಲು ಕೊಡಬೇಕೆಂದು ಹಡಗಿನ ಮಾಲೀಕರು ಇದನ್ನೇ ಸಾರಿದರು. ಸರಕಿಗೆ ಏನೂ ಆಗದಿದ್ದರೂ ಸರಿ. ಇನ್ಶೂರೆನ್ಸ್ ಇದ್ದರೆ ಕಂಪನಿ ಗ್ಯಾರಂಟಿ ಕೊಡುತ್ತದೆ. ಇಲ್ಲದಿದ್ದರೆ ನೀವೇ ಡೆಪಾಸಿಟ್ ಕಟ್ಟಿ ಸರಕು ಬಿಡಿಸಿಕೊಳ್ಳಬೇಕು.

ಈಗ ಬೈಗುಳ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ನಡೆದ ದಾಳಿಗಳಿಗೆ ಹೆದರಿ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. ನಮ್ಮ ಒಂದು ಲೋಡ್ ಸೀಸನ್ ತಪ್ಪಿಸಿಕೊಂಡಿತು. ಖರೀದಿದಾರರು ರೇಟ್ ಕಡಿದರು, ಇನ್ಶೂರೆನ್ಸ್‌ನಿಂದ ಸೊನ್ನೆ. ತಡವಾದ ನಷ್ಟ ‘ಎ’ಯಲ್ಲೂ ಇಲ್ಲ. ಯುದ್ಧ, ಮುಷ್ಕರ ಬೇಕಾದರೆ ಬೇರೆಯಾಗಿ ಸೇರಿಸಬೇಕು. ಸರಿಯಾಗಿ ಒಣಗದ ಪುಡಿ ತುಂಬಿ ಬೂಸ್ಟು ಬಂದರೆ ಅದು ನಮ್ಮ ಕರ್ಮ. ಇದನ್ನೆಲ್ಲ ಪಾಲಿಸಿ ಮಾರುವಾಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆದರೂ ಪ್ರತಿವರ್ಷ ರಿನ್ಯೂ ಮಾಡಿಸುತ್ತಿದ್ದೇನೆ. ಜೊತೆಗೆ ಈಗ ಖಾಲಿ ಕಂಟೇನರ್ ಬಂದ ಕೂಡಲೇ ಒಳಗೆ ಹೋಗಿ ನಿಂತು, ಹೊರಗಿನಿಂದ ಬಾಗಿಲು ಹಾಕಿಸಿ, ಎಲ್ಲಾದರೂ ಬೆಳಕಿನ ಚುಕ್ಕೆ ಕಾಣುತ್ತದಾ ಅಂತ ನೋಡುತ್ತೇನೆ. ಲಾರಿ ಡ್ರೈವರುಗಳಿಗೆ ನಗು. ಹೋದ ತಿಂಗಳು ಎರಡು ಚುಕ್ಕೆ ಕಂಡವು, ಕಂಟೇನರ್ ವಾಪಸ್ ಕಳಿಸಿದೆ.