ಕೇಜನ್ ಮಸಾಲೆ ಬಾಟಲಿ: ಮೀನಿಗೆ ಸೈ, ಗಂಬೊಗೆ ಸಾಲದು

ಬೆಳಗಾವಿಯ ಸೂಪರ್ ಮಾರ್ಕೆಟ್‌ಗಳಲ್ಲಿ ಆರಿಗಾನೊ, ಪೆರಿಪೆರಿ ಬಾಟಲಿಗಳ ಸಾಲಿನಲ್ಲೇ ಅಮೆರಿಕದ ಲೂಯಿಸಿಯಾನಾ ರಾಜ್ಯದ ಕೇಜನ್ ಜನರ ಹೆಸರು ಹೊತ್ತ ‘ಕೇಜನ್ ಸೀಸನಿಂಗ್’ ಎಂಬ ಕೆಂಪು ಪುಡಿಯೂ ಸಿಗುತ್ತದೆ. ಕೆಫೆಯ ಕೇಜನ್ ಆಲೂಗಡ್ಡೆಯ ರುಚಿ ಹತ್ತಿದವರು ಇದನ್ನು ಒಯ್ಯುತ್ತಾರೆ. ಆಲೂಗಡ್ಡೆಯ ಮಟ್ಟಿಗೆ ದುಡ್ಡಿಗೆ ಮೋಸವಿಲ್ಲ. ಇದೊಂದೇ ಪುಡಿ ನಂಬಿ ಗಂಬೊ ಎಂಬ ಅಲ್ಲಿನ ಗಟ್ಟಿ ಸಾರು ಮಾಡಹೊರಟರೆ ಮಾತ್ರ ಕೊನೆಗೆ ಉಪ್ಪುಪ್ಪಾದ ಕೆಂಪು ಸಾರು ಉಳಿಯುತ್ತದೆ.

ಕೊಳ್ಳುವ ಮೊದಲು ಬಾಟಲಿ ತಿರುಗಿಸಿ ಹಿಂಬದಿ ಓದಬೇಕು. ಯಾವುದು ಹೆಚ್ಚು ತೂಕವೋ ಅದರ ಹೆಸರು ಮೊದಲು ಬರುತ್ತದೆ. ಉಪ್ಪೇ ಮೊದಲಿದ್ದರೆ ಮಸಾಲೆಯ ದರದಲ್ಲಿ ಉಪ್ಪು ಕೊಂಡಂತೆ. ಇದು ಇಲ್ಲಿನ ಬಾಟಲಿಗಳದಷ್ಟೇ ದೋಷವಲ್ಲ. ಲೂಯಿಸಿಯಾನಾದ ಒಪಲೂಸಸ್ ಊರಲ್ಲಿ 1972ರಲ್ಲಿ ಶುರುವಾದ ಮಸಾಲೆ ಕಂಪನಿ ಟೋನಿ ಸ್ಯಾಶರೀಸ್‌ನ ಹಸಿರು ಡಬ್ಬಿಯಲ್ಲೂ ಮೊದಲ ಹೆಸರು ಉಪ್ಪಿನದೇ. ಅಲ್ಲಿಯವರು ಅದನ್ನು ಉಪ್ಪಿನ ಬದಲಿಗೇ ಉದುರಿಸುತ್ತಾರೆ; ನಾವು ಉಪ್ಪು ಹಾಕಿದ ಮೇಲೆ ಇದನ್ನೂ ಹಾಕುತ್ತೇವೆ, ಎಡವಟ್ಟಾಗುವುದು ಅಲ್ಲೇ. ಎರಡನೆಯದಾಗಿ ಸಕ್ಕರೆ ಅಥವಾ ಪಿಷ್ಟದಿಂದ ಮಾಡಿದ ಮಾಲ್ಟೊಡೆಕ್ಸ್‌ಟ್ರಿನ್ ಇದೆಯೇ ನೋಡಿ. ಇದ್ದರೆ ಕಾದ ಹಂಚಿನ ಮೇಲೆ ಮಸಾಲೆಗಿಂತ ಮೊದಲು ಅದು ಸೀಯುತ್ತದೆ. ಥೈಮ್ (ಆರಿಗಾನೊದಂಥ ಒಣ ಎಲೆ) ಇಲ್ಲದ ಬಾಟಲಿಯನ್ನು ಅಲ್ಲೇ ಇಟ್ಟು ಬನ್ನಿ. ಥೈಮ್ ತೆಗೆದರೆ ಉಳಿಯುವುದು ಬಳ್ಳೊಳ್ಳಿ ಬೆರೆಸಿದ ಖಾರಪುಡಿ, ಅದು ಮನೆಯಲ್ಲೇ ಇದೆ.

ನಮ್ಮ ಕಡೆಯವರು ಮಾಡುವ ದೊಡ್ಡ ತಪ್ಪು ಮಸಾಲಿ ಖಾರದ ರೂಢಿಯಿಂದ ಬರುತ್ತದೆ. ಮಸಾಲಿ ಖಾರದಲ್ಲಿ ಒಣಕೊಬ್ಬರಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಎಲ್ಲ ಹುರಿದು ಕುಟ್ಟಿರುತ್ತಾರೆ. ಒಂದು ಚಮಚ ಬಿದ್ದರೆ ಪಲ್ಯಕ್ಕೆ ಮೈ ಬರುತ್ತದೆ. ಕೇಜನ್ ಪುಡಿ ಹಾಗಲ್ಲ. ಬರೀ ಒಣಪುಡಿಗಳ ಬೆರಕೆ, ಅದರಿಂದ ರಸ ಗಟ್ಟಿಯಾಗುವುದಿಲ್ಲ. ಒಗ್ಗರಣೆಯ ಕಾದ ಎಣ್ಣೆಗೆ ನೇರ ಹಾಕಿದರೆ ಬಳ್ಳೊಳ್ಳಿ ಪುಡಿ ಕೆಲವೇ ಸೆಕೆಂಡಿನಲ್ಲಿ ಕಪ್ಪಾಗಿ ಇಡೀ ಪಾತ್ರೆ ಕಹಿಯಾಗುತ್ತದೆ. ತರಕಾರಿ ನೀರು ಬಿಟ್ಟ ಮೇಲೆಯೇ ಹಾಕಬೇಕು.

ಇದು ನಿಜಕ್ಕೂ ಗೆಲ್ಲುವುದು ಮೀನಿನ ಮೇಲೆ. ಮೀನಿಗೆ ಮಸಾಲೆ ಮೆತ್ತಿ ಕಪ್ಪಾಗುವಂತೆ ಸುಡುವ ವಿಧಾನವನ್ನು ಹೆಸರಿಗೆ ತಂದವರು ಲೂಯಿಸಿಯಾನಾದ ಬಾಣಸಿಗ ಪಾಲ್ ಪ್ರುಡೊಮ್, 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ತೆರೆದ ಕೆ-ಪಾಲ್ಸ್ ಹೋಟೆಲಿನಿಂದ. 1980ರ ದಶಕದಲ್ಲಿ ಅದರ ಹುಚ್ಚು ಎಷ್ಟು ಹಬ್ಬಿತೆಂದರೆ ರೆಡ್‌ಫಿಶ್ (ಹೀಗೆ ಸುಡುತ್ತಿದ್ದ ಮೀನು) ಹಿಡಿಯುವುದಕ್ಕೇ ನಿರ್ಬಂಧ ಹಾಕಬೇಕಾಯಿತು. ಇಲ್ಲಿಗೆ ಕರಾವಳಿಯಿಂದ ಬರುವ ಸುರಮಯಿ ಇದಕ್ಕೆ ಒಗ್ಗುತ್ತದೆ. ಒಂದೂವರೆ ಸೆಂ.ಮೀ. ದಪ್ಪದ ಹೋಳು ಇರಲಿ. ಅದಕ್ಕಿಂತ ದಪ್ಪವಾದರೆ ಹೊರಗೆ ಇದ್ದಿಲು, ಒಳಗೆ ಹಸಿ. ಬೀಡಿನ ಹಂಚನ್ನು ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಬರಿದೇ ಕಾಯಿಸಿ. ನಾನ್‌ಸ್ಟಿಕ್ ತವಾ ಬೇಡವೇ ಬೇಡ, ಹಾಗೆ ಕಾಯಿಸಿದರೆ ಅದರ ಲೇಪ ಹಾಳಾಗುತ್ತದೆ. ಮೀನಿನ ತೇವ ಒರೆಸಿ, ಕರಗಿದ ಬೆಣ್ಣೆಯಲ್ಲಿ ಅದ್ದಿ, 250 ಗ್ರಾಮಿಗೆ ಎರಡು ಟೀ ಚಮಚದಂತೆ ಪುಡಿ ಮೆತ್ತಿ, ಒಂದೊಂದು ಬದಿ ಎರಡು ನಿಮಿಷ. ಉಪ್ಪು ಬೇರೆ ಹಾಕಬಾರದು. ಹೊಗೆ ಮನೆ ತುಂಬುತ್ತದೆ, ಕಿಟಕಿ ಮೊದಲೇ ತೆರೆದಿಡಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಬಿಡಿ.

ಈಗ ಗಂಬೊ. ಇದರ ರುಚಿ ಪುಡಿಯಲ್ಲಿಲ್ಲ, ಹುರಿದ ಹಿಟ್ಟಿನಲ್ಲಿದೆ. ಅರ್ಧ ಕಪ್ ಎಣ್ಣೆ, ಅರ್ಧ ಕಪ್ ಮೈದಾ, ದಪ್ಪ ತಳದ ಪಾತ್ರೆ, ಸಣ್ಣ ಉರಿ, ಮೂವತ್ತರಿಂದ ನಲವತ್ತು ನಿಮಿಷ ಕೈ ಬಿಡದೆ ತಿರುವುವುದು. ಅವರು ಇದಕ್ಕೆ ರೂ ಎನ್ನುತ್ತಾರೆ. ಬೇಸನ್ ಉಂಡಿಗೆ ಹಿಟ್ಟು ಹುರಿದು ಗೊತ್ತಿರುವ ಕೈಗೆ ಇದು ಹೊಸತಲ್ಲ, ಆದರೆ ಉಂಡಿಯ ಹದ ದಾಟಿ ಇನ್ನೂ ದೂರ ಹೋಗಬೇಕು: ಶೇಂಗಾದ ಬಣ್ಣ ಕಳೆದು ಗೋಕಾಕ ಕರದಂಟಿನ ಬಣ್ಣಕ್ಕೆ ಬರಬೇಕು. ಗಿರಣಿಯ ಗೋಧಿಹಿಟ್ಟು ಬಳಸಿದರೆ ಅದರ ತವುಡು ಮೊದಲೇ ಸೀಯುತ್ತದೆ. ಕಪ್ಪು ಚುಕ್ಕೆ ಕಂಡರೆ ಚೆಲ್ಲಿ ಮತ್ತೆ ಶುರು ಮಾಡಿ, ಸೀದ ರೂ ಯಾವ ಮಸಾಲೆಗೂ ಸುಧಾರಿಸುವುದಿಲ್ಲ. ಮೈಗೆ ಸಿಡಿದರೆ ಅಂಟಿಕೊಂಡು ಸುಡುತ್ತದೆ, ಉದ್ದ ಹಿಡಿಕೆಯ ಮರದ ಸವಟು ಇರಲಿ.

ಬಣ್ಣ ಬಂದ ಕ್ಷಣ ಎರಡು ಕಪ್ ಹೆಚ್ಚಿದ ಉಳ್ಳಾಗಡ್ಡಿ, ಒಂದೊಂದು ಕಪ್ ಸೆಲರಿ ಮತ್ತು ಡೊಣ್ಣ ಮೆಣಸಿನಕಾಯಿ ಸುರಿಯಬೇಕು. ತರಕಾರಿಯ ತೇವಕ್ಕೆ ಹಿಟ್ಟು ಇನ್ನೂ ಕಪ್ಪಾಗುವುದು ನಿಲ್ಲುತ್ತದೆ. ಈ ಮೂರಕ್ಕೆ ಅಲ್ಲಿ ‘ಹೋಲಿ ಟ್ರಿನಿಟಿ’ ಎಂದೇ ಹೆಸರು. ಸೆಲರಿ ಸಿಗದಿದ್ದರೆ ಬಿಟ್ಟುಬಿಡಿ, ಕೊತ್ತಂಬರಿ ದಂಟು ಹಾಕಿದರೆ ನಮ್ಮ ಸಾರಿನ ದಾರಿಗೆ ಹೋಗುತ್ತದೆ. ಬಾಟಲಿಯ ಪುಡಿಗೆ ಈಗ ಸರದಿ, ಒಂದೇ ಟೀ ಚಮಚ. ಆಮೇಲೆ ಕೋಳಿ ಬೇಯಿಸಿ ಸೋಸಿದ ಒಂದೂವರೆ ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಮುಕ್ಕಾಲು ಕಿಲೊ ಕೋಳಿ ಹಾಕಿ ಒಂದು ತಾಸು ಕುದಿಸಿ. ಉಪ್ಪು ಕೊನೆಗೆ, ರುಚಿ ನೋಡಿಕೊಂಡು. ರೂ ಕಪ್ಪಾದಷ್ಟೂ ರಸವನ್ನು ಗಟ್ಟಿ ಮಾಡುವ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಕಾಲು ಕಿಲೊ ಬೆಂಡಿಕಾಯಿಯನ್ನು ಬೇರೆಯಾಗಿ ಲೋಳೆ ತುಸು ಕಡಿಮೆಯಾಗುವಂತೆ ಹುರಿದು ಸೇರಿಸಬೇಕು. ಗಂಬೊ ಎಂಬ ಹೆಸರೇ ಆಫ್ರಿಕದ ಭಾಷೆಗಳಲ್ಲಿ ಬೆಂಡಿಗಿರುವ ಹೆಸರಿನಿಂದ ಬಂದದ್ದು. ಬೆಂಡಿಯ ಬದಲು ಅಲ್ಲಿ ಸಸಾಫ್ರಾಸ್ ಮರದ ಎಲೆಯ ಪುಡಿಯನ್ನೂ ಬಳಸುತ್ತಾರೆ, ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರಿಂದ ಕಲಿತದ್ದು. ಅದನ್ನು ಉರಿ ಆರಿಸಿದ ಮೇಲೆಯೇ ಹಾಕಬೇಕು, ಕುದಿಸಿದರೆ ನೂಲು ನೂಲಾಗುತ್ತದೆ.

ಚೀಟಿಯ ಮೇಲೆ ‘ಕೇಜನ್’ ಅಂತಲೂ ‘ಕ್ರಿಯೋಲ್’ ಅಂತಲೂ ಬರೆದ ಎರಡು ಬಾಟಲಿ ಸಿಕ್ಕರೆ ಎರಡನ್ನೂ ಕೊಳ್ಳಬೇಡಿ, ಒಳಗಿನ ವ್ಯತ್ಯಾಸ ಅಷ್ಟಕ್ಕಷ್ಟೇ. ಜನರ ವಿಷಯದಲ್ಲಿ ಹಾಗಲ್ಲ. ಕೇಜನ್ನರು ಇಂದಿನ ಕೆನಡಾದ ಅಕೇಡಿಯಾದಿಂದ 1755ರಿಂದ ಬ್ರಿಟಿಷರು ಹೊರದಬ್ಬಿದ, ಆಮೇಲೆ ಲೂಯಿಸಿಯಾನಾದಲ್ಲಿ ನೆಲೆಯಾದ ಫ್ರೆಂಚ್ ಮಾತಿನ ರೈತರ ಸಂತತಿ. ‘ಅಕೇಡಿಯನ್’ ಸವೆದು ‘ಕೇಜನ್’ ಆಯಿತು. ಕ್ರಿಯೋಲ್ ಅಡುಗೆ ನ್ಯೂ ಆರ್ಲಿಯನ್ಸ್ ಪಟ್ಟಣದ್ದು. ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್, ಕೆರಿಬಿಯನ್ ಕೈಗಳು ಕೂಡಿ ಆದದ್ದು. ಜಂಬಲಾಯಕ್ಕೆ (ಅಕ್ಕಿ, ಮಾಂಸ ಕೂಡಿಸಿ ಬೇಯಿಸುವ ಅಲ್ಲಿನ ಅನ್ನ) ಟೊಮ್ಯಾಟೊ ಬಿದ್ದು ಕೆಂಪಾದರೆ ಕ್ರಿಯೋಲ್, ಮಾಂಸ ಹುರಿದ ಕಂದು ಬಣ್ಣದ್ದಾದರೆ ಕೇಜನ್. ಲೂಯಿಸಿಯಾನಾದ 1921ರ ರಾಜ್ಯ ಸಂವಿಧಾನ ಅಲ್ಲಿನ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತು, ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಎರಡು ಮೂರು ಭಾಷೆಯ ಬೋರ್ಡುಗಳ ನಡುವೆ ಬೆಳೆಯುವ ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆ ಕಸಿದ ಮಾತಿನಲ್ಲಿ ರೂ, ಎತುಫೆ (ಸಿಗಡಿಯಂಥವನ್ನು ಗಟ್ಟಿ ರಸದಲ್ಲಿ ಬೇಯಿಸಿದ್ದು), ಬುದ್ಯಾಂ (ಅನ್ನ ಬೆರೆಸಿದ ಹಂದಿಮಾಂಸದ ಸಾಸೇಜು) ಅಡುಗೆಮನೆಯಲ್ಲಿ ಉಳಿದುಕೊಂಡವು.

ಬಾಟಲಿ ಇಲ್ಲದೆಯೂ ನಡೆಯುತ್ತದೆ. ಬ್ಯಾಡಗಿ ಪುಡಿ ಮೂರು ಚಮಚ (ಬಣ್ಣ ಹೆಚ್ಚು, ಖಾರ ಕಡಿಮೆ, ಪ್ಯಾಪ್ರಿಕಾದ ಜಾಗಕ್ಕೆ ಸರಿಯಾಗಿ ಕೂರುತ್ತದೆ), ಬಳ್ಳೊಳ್ಳಿ ಪುಡಿ ಎರಡು, ಉಳ್ಳಾಗಡ್ಡಿ ಪುಡಿ, ಕರಿಮೆಣಸು, ಥೈಮ್, ಆರಿಗಾನೊ ಒಂದೊಂದು, ಬಿಳಿಮೆಣಸು ಮತ್ತು ಗುಂಟೂರು ಖಾರ ಅರ್ಧರ್ಧ. ಉಪ್ಪು ಇದರಲ್ಲಿ ಸೇರಿಸದಿರುವುದೇ ಇದರ ಲಾಭ.

ನಮ್ಮ ಅಂಕ: ಮೀನು, ಸಿಗಡಿ, ಆಲೂಗಡ್ಡೆಗೆ ಐದಕ್ಕೆ ನಾಲ್ಕು, ಗಂಬೊಗೆ ಒಂದೂವರೆ. ಕೊಳ್ಳುವುದಾದರೆ ಚಿಕ್ಕ ಬಾಟಲಿಯೇ ಸಾಕು. ಅಂಗಡಿಯಲ್ಲೇ ಅಲುಗಾಡಿಸಿ ನೋಡಿ, ಒಳಗೆ ಗಂಟು ಉರುಳಿದರೆ ತೇವ ಹೊಕ್ಕಿದೆ ಎಂದರ್ಥ. ಇಲ್ಲಿಯ ಮಳೆಗಾಲದಲ್ಲಿ ಉಪ್ಪು ಹೆಚ್ಚಿರುವ ಪುಡಿ ಬೇಗ ಹೆಪ್ಪುಗಟ್ಟುತ್ತದೆ, ಅದರಲ್ಲೂ ಕುದಿಯುವ ಪಾತ್ರೆಯ ಮೇಲೆ ಬಾಟಲಿ ಬಗ್ಗಿಸಿ ಉದುರಿಸುವವರ ಮನೆಯಲ್ಲಿ. ಬಟ್ಟಲಿಗೆ ಸುರಿದುಕೊಂಡು, ಒಣ ಚಮಚದಿಂದ ಹಾಕಿ.