ಪೋಲೋಗೆ ಯಾವ ಟೈರ್? ಮೂರು ಬಗೆ ಹಾಕಿ ನೋಡಿದ ಮೇಲೆ

ನಾನು ಡ್ರ್ಯಾಗ್ ರೇಸ್‌ಗೆ ಒಯ್ಯುವುದು ನನ್ನ ಫೋಕ್ಸ್‌ವ್ಯಾಗನ್ ಪೋಲೋ ಕಾರನ್ನೇ, 1.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್‌ನದು. 175 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಅಷ್ಟೂ ಮುಂದಿನ ಎರಡು ಚಕ್ರಕ್ಕೇ ಹೋಗುತ್ತದೆ. ಕಾರು ಮುಂದಕ್ಕೆ ಚಿಮ್ಮಿದಾಗ ಭಾರ ಹಿಂದಕ್ಕೆ ವಾಲುತ್ತದೆ, ಎಳೆಯಬೇಕಾದ ಚಕ್ರಗಳೇ ಹಗುರಾಗುತ್ತವೆ. 402 ಮೀಟರ್ ಡ್ರ್ಯಾಗ್‌ನಲ್ಲಿ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ರೇಸ್‌ನಲ್ಲಿ, ಇಂಥ ಕಾರುಗಳ ಟೈಮ್ ಹೆಚ್ಚಾಗಿ ಕೆಡುವುದು ಮೊದಲ 18 ಮೀಟರ್‌ನಲ್ಲೇ.

ಶಿವಮೊಗ್ಗದವರಿಗೆ ಇನ್ನೊಂದು ತೊಂದರೆ. ಸ್ಟ್ರಿಪ್ (ಡ್ರ್ಯಾಗ್ ರೇಸ್ ನಡೆಯುವ ಟ್ರ್ಯಾಕ್) ನಮ್ಮ ಊರಲ್ಲಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ತನಕ ಅದೇ ಟೈರ್‌ನಲ್ಲಿ ಹೋಗಬೇಕು, ಅದರಲ್ಲೇ ವಾಪಸ್ ಬರಬೇಕು. ಊರಿನ ರಸ್ತೆಯಲ್ಲಿ ಲಾಂಚ್ (ನಿಂತಲ್ಲಿಂದ ಜೋರಾಗಿ ಹೊರಡುವುದು) ಪ್ರಯೋಗ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಮಾಮೂಲಿ ಟೂರಿಂಗ್ ಟೈರ್, ಟ್ರೆಡ್‌ವೇರ್ (ಟೈರ್ ಎಷ್ಟು ನಿಧಾನ ಸವೆಯುತ್ತದೆ ಎನ್ನುವ ಅಂಕಿ, ಹೆಚ್ಚಿದ್ದಷ್ಟೂ ಬಾಳಿಕೆ ಜಾಸ್ತಿ) 400ರ ಆಸುಪಾಸು. ಬಾಳಿಕೆ ಚೆನ್ನಾಗಿದೆ, ಸದ್ದೂ ಕಡಿಮೆ. ಆದರೆ ರಬ್ಬರ್ ಗಟ್ಟಿ. ಫಸ್ಟ್ ಗೇರ್ ಪೂರ್ತಿ ಚಕ್ರ ಸುಮ್ನೆ ತಿರುಗುತ್ತದೆ. ಕ್ಲಚ್ ಎಷ್ಟು ನಾಜೂಕಾಗಿ ಬಿಟ್ಟರೂ ಅಷ್ಟೇ.

ಮೂರನೆಯದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಸೆಮಿ ಸ್ಲಿಕ್, ಅಂದರೆ ಹೆಚ್ಚುಕಡಿಮೆ ರೇಸ್ ಟೈರೇ, ಟ್ರೆಡ್‌ವೇರ್ 100. ಬಿಸಿಯಾದ ಮೇಲೆ ಇದರ ಹಿಡಿತಕ್ಕೆ ಸಾಟಿಯಿಲ್ಲ. ತಣ್ಣಗಿದ್ದಾಗ ಆ ಗುಣವೇ ಕಾಣುವುದಿಲ್ಲ. ಜತೆಗೆ ಗೆರೆ ಕಡಿಮೆ, ನೀರು ಹೊರಗೆ ಹೋಗಲು ದಾರಿಯಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಸೀಮೆ ನಮ್ಮದು. ಇಲ್ಲಿ ದಿನಾ ಓಡಿಸುವ ಕಾರಿಗೆ ಇದು ಬೇಡವೇ ಬೇಡ.

ನನಗೆ ಒಗ್ಗಿದ್ದು ನಡುವಿನದು: ಟ್ರೆಡ್‌ವೇರ್ 200ರ ಸುತ್ತಿನ ಸ್ಪೋರ್ಟ್ಸ್ ಟೈರ್. ಒಣ ರಸ್ತೆಯಲ್ಲಿ ಕಚ್ಚಿ ಹಿಡಿಯುತ್ತದೆ, ಮಳೆಯಲ್ಲೂ ನಂಬಬಹುದು. ಬೇಗ ಸವೆಯುತ್ತದೆ, ನಿಜ. ಈ ಟ್ರೆಡ್‌ವೇರ್ ಅಂಕಿಯನ್ನು ಆಯಾ ಕಂಪನಿಯೇ ಪರೀಕ್ಷಿಸಿ ಹಾಕುತ್ತದೆ. ಹಾಗಾಗಿ ಬೇರೆ ಬೇರೆ ಕಂಪನಿಗಳ ನಡುವೆ ಅದನ್ನು ಅಂದಾಜಿಗಷ್ಟೇ ನೋಡಿ.

ಟೈರ್ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಮುಂದಿನವನ್ನು 32 ಪಿಎಸ್‌ಐನಿಂದ ಎರಡೆರಡೇ ಇಳಿಸುತ್ತಾ ಬಂದೆ. 26ಕ್ಕೆ ಬಂದಾಗ ಲಾಂಚ್ ಗಟ್ಟಿಯಾಯಿತು. ಅದಕ್ಕಿಂತ ಕೆಳಗೆ ಹೋದರೆ ಸ್ಟೀರಿಂಗ್ ತೇಲಿದ ಹಾಗೆ ಅನ್ನಿಸಿತು, ಲಾಭವೂ ಇಲ್ಲ. ಹಿಂದಿನವಕ್ಕೆ 38 ಹಾಕಿದೆ. ಅವು ಎಳೆಯುವುದಿಲ್ಲ, ಹಗುರವಾಗಿ ಉರುಳಿದರೆ ಸಾಕು ಅಲ್ವಾ? ಗೇಜ್ ನಿಮ್ಮದೇ ಇರಲಿ, ಟೈರ್ ತಣ್ಣಗಿದ್ದಾಗಲೇ ಅಳೆಯಿರಿ. ರೇಸ್ ಮುಗಿದ ಮೇಲೆ ಹೆದ್ದಾರಿ ಹತ್ತುವ ಮೊದಲು ನಾಲ್ಕಕ್ಕೂ ಸರಿಯಾದ ಗಾಳಿ ತುಂಬಿಸಿ.

ಸ್ಟ್ರಿಪ್‌ನಲ್ಲಿ ಬರ್ನೌಟ್‌ಗೆ (ನಿಂತಲ್ಲೇ ಚಕ್ರ ತಿರುಗಿಸಿ ಟೈರ್ ಬಿಸಿ ಮಾಡುವುದಕ್ಕೆ) ನೀರು ಹಾಕಿರುವ ಜಾಗವಿದ್ದರೆ ಪಕ್ಕದಿಂದ ಹೋಗಿ. ಗೆರೆಯಿರುವ ಟೈರ್ ನೀರನ್ನು ಹೊತ್ತುಕೊಂಡು ಸ್ಟಾರ್ಟ್ ಲೈನ್‌ವರೆಗೂ ತರುತ್ತದೆ. ಧೂಳು ಹೋಗುವಷ್ಟು ಒಮ್ಮೆ ಒಣ ಜಾಗದಲ್ಲಿ ತಿರುಗಿಸಿದರೆ ಸಾಕು.

"ಅಣ್ಣಾ, ಅಗಲ ಟೈರ್ ಹಾಕ್ಸಿ, ಗ್ರಿಪ್ ಬರುತ್ತೆ" ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಇಷ್ಟು ಟಾರ್ಕ್‌ಗೆ ಅಗಲಕ್ಕಿಂತ ಮೆತ್ತನೆಯ ರಬ್ಬರ್ ಹೆಚ್ಚು ಕೆಲಸ ಮಾಡುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಕಂಪನಿ ಕೊಟ್ಟ 195/55 ಆರ್16 ಅಳತೆಯನ್ನೇ ಉಳಿಸಿಕೊಂಡೆ. ಕೊಳ್ಳುವಾಗ ಟೈರ್ ಪಕ್ಕದ ನಾಲ್ಕು ಅಂಕಿ ನೋಡಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಹಳೆಯದಾದಷ್ಟೂ ರಬ್ಬರ್ ಗಟ್ಟಿಯಾಗುತ್ತದೆ.

ಎಳೆಯುವುದು ಮುಂದಿನ ಚಕ್ರವೇ ತಾನೆ, ಎರಡೇ ಹೊಸದು ಸಾಕು ಅನ್ನುವವರೂ ಇದ್ದಾರೆ. ಸ್ಟ್ರಿಪ್‌ನಲ್ಲಿ ಅದು ನಡೆಯಬಹುದು. ತೀರ್ಥಹಳ್ಳಿ ರಸ್ತೆಯ ಮಳೆಗಾಲದ ತಿರುವಿನಲ್ಲಿ ಮಾತ್ರ ಮುಂದಿನದು ಕಚ್ಚಿ ಹಿಡಿದು, ಸವೆದ ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ. ನಾಲ್ಕನ್ನೂ ಒಟ್ಟಿಗೇ ಬದಲಾಯಿಸಿ.