ಡಿ7200 ಮತ್ತು ನಾನು: ಒಂಬತ್ತು ತಿರುಗಾಟಗಳ ನಂತರ

ನಿಕಾನ್ ಡಿ7200 ಕ್ಯಾಮೆರಾ ಕೊಂಡದ್ದು 2016ರಲ್ಲಿ, 18-140 ಮಿ.ಮೀ. ಜೂಮ್ ಲೆನ್ಸ್‌ನೊಂದಿಗೆ. ನಾನು ತೆಗೆಯುವುದು ಹೆಚ್ಚಾಗಿ ಯಕ್ಷಗಾನದ ಚಿತ್ರ. ದೀಪಾವಳಿ ಕಳೆದು ಮೇಳಗಳು ವರ್ಷದ ತಿರುಗಾಟಕ್ಕೆ ಹೊರಟರೆ ಇದೂ ಹೊರಟಿತು. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಅವರು ಗೆಜ್ಜೆ ಬಿಚ್ಚಿದ ಮೇಲೆಯೇ ಇದಕ್ಕೆ ನಿದ್ದೆ.

ಮೂರನೇ ವರ್ಷಕ್ಕೇ ಹೊಸ ಬಾಡಿಯ ಆಸೆ ಹುಟ್ಟಿತ್ತು. ಬೆಳಕು ಸಾಲದೆ ಐಎಸ್‌ಒ, ಎಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, 6400ಕ್ಕೆ ಏರಿಸಿ ತೆಗೆದ ಮುಖಗಳೆಲ್ಲ ರವೆ ಚೆಲ್ಲಿದಂತೆ ಕಾಣುತ್ತಿದ್ದವು. ಆದರೆ 140 ಮಿ.ಮೀ.ಗೆ ಜೂಮ್ ಮಾಡಿದಾಗ ಆ ಲೆನ್ಸ್ ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ (ಈ ಅಂಕಿ ಚಿಕ್ಕದಾದಷ್ಟು ಬೆಳಕು ಹೆಚ್ಚು). ಬೈಯಬೇಕಾದದ್ದು ಬಾಡಿಯನ್ನಲ್ಲ ಎಂದು ಹೊಳೆಯಲು ನನಗೆ ಇನ್ನೊಂದು ತಿರುಗಾಟವೇ ಬೇಕಾಯಿತು. ಯಾರೋ ಬಳಸಿದ್ದ 85 ಮಿ.ಮೀ. ಎಫ್/1.8 ಜಿ ಲೆನ್ಸ್ ಕೊಂಡೆ. ಬೆಳಕು ಸುಮಾರು ಹತ್ತು ಪಟ್ಟು! 6400 ಇದ್ದದ್ದು 640ಕ್ಕೆ ಇಳಿಯಿತು. ಬಣ್ಣದ ವೇಷದ, ಎಂದರೆ ರಾಕ್ಷಸ ಪಾತ್ರದ, ಮುಖದ ಮೇಲೆ ಅಕ್ಕಿಹಿಟ್ಟಿನಲ್ಲಿ ಇಟ್ಟ ಚಿಟ್ಟಿಯ ಮುಳ್ಳುಗಳನ್ನು ಒಂದೊಂದಾಗಿ ಎಣಿಸಬಹುದಾಯಿತು. ಹೊಸ ಬಾಡಿಯ ಮಾತು ಐದು ವರ್ಷ ಮುಂದಕ್ಕೆ ಹೋಯಿತು.

ಶಟರ್ ಎಣಿಕೆ, ಎಂದರೆ ಕ್ಲಿಕ್ಕಿಸಿದ ಸಲ, ಈಗ 1,12,000. ಕಂಪನಿ ಪರೀಕ್ಷಿಸಿರುವುದು 1,50,000ಕ್ಕೆ. ಇದನ್ನು ಕೇಳಿ ಗಾಬರಿಯಾಗುವವರಿದ್ದಾರೆ. ಕೆಟ್ಟರೆ ಶಟರ್ ಬದಲಾಯಿಸಬಹುದು, ನನಗೆ ಆ ಚಿಂತೆಯಿಲ್ಲ.

ಚಿಂತೆ ಹುಟ್ಟಿಸಿದ್ದು ರಂಗಸ್ಥಳದ ಎಲ್‌ಇಡಿ ದೀಪಗಳು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, 1/500 ಸೆಕೆಂಡಿನ ಶಟರ್‌ಗೆ ಗೊತ್ತಾಗುತ್ತದೆ. ಒಂದು ಚಿತ್ರದಲ್ಲಿ ಮುಖ ಬೆಳಗಿದ್ದರೆ, ಮರುಚಿತ್ರದಲ್ಲಿ ಕಿರೀಟಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿ. 1/100ಕ್ಕೆ ಇಳಿಸಿದರೆ ಪಟ್ಟಿ ಮಾಯ, ಆದರೆ ಧೀಂಗಿಣ (ಗಿರಗಿರನೆ ಸುತ್ತುವ ಜಿಗಿತ) ಹಾಕುವ ಪುಂಡುವೇಷ (ಚುರುಕಿನ ಯುವ ಪಾತ್ರ) ಬರೀ ಬಣ್ಣದ ಬುಗುರಿ. ದೀಪದ ಮಿಣುಕಿಗೆ ಹೊಂದಿಸಿ ಕ್ಲಿಕ್ಕಿಸುವ ಸೌಲಭ್ಯ ಡಿ7200ರ ಸ್ಥಿರಚಿತ್ರಗಳಿಗಿಲ್ಲ. ನಂತರದ ಡಿ500, ಡಿ7500ರಲ್ಲಿ ಬಂತು. ಇದಕ್ಕೆ ಯಾವ ಲೆನ್ಸೂ ಮದ್ದಲ್ಲ.

ಕಳೆದ ತಿರುಗಾಟದಲ್ಲಿ ಗೆಳೆಯನ ನಿಕಾನ್ ಝಡ್6 ಮಾರ್ಕ್ 2 ಕ್ಯಾಮೆರಾ ಎರವಲು ತಂದು ಒಂದು ಇಡೀ ರಾತ್ರಿ ಬಳಸಿದೆ. ಅದರಲ್ಲಿ ಆ ಸೌಲಭ್ಯ ಇದೆ, ಪಟ್ಟಿ ಬಹುಮಟ್ಟಿಗೆ ಹೋಯಿತು. ನನ್ನ 85 ಮಿ.ಮೀ. ಲೆನ್ಸ್, ಹಳೆಯ ಲೆನ್ಸ್‌ಗಳನ್ನು ಝಡ್ ಬಾಡಿಗೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್ ಮೂಲಕ ಚೆನ್ನಾಗಿಯೇ ಫೋಕಸ್ ಮಾಡಿತು, ಆದರೆ ಫುಲ್‌ಫ್ರೇಮ್ (ಸೆನ್ಸರ್ ದೊಡ್ಡದು) ಆದ್ದರಿಂದ ವೇಷ ದೂರ ಸರಿದಂತಾಗಿ ಮುಂದಿನ ಸಾಲಿಗೆ ನುಸುಳಬೇಕಾಯಿತು. ಬೆಳಗಿನ ಮಂಗಳದ ಹೊತ್ತಿಗೆ ಮೂರನೇ ಬ್ಯಾಟರಿ. ಡಿ7200 ಒಂದರಲ್ಲೇ ರಾತ್ರಿ ದಾಟಿಸುತ್ತಿತ್ತು.

ಆದರೂ ಮುಂದಿನ ದೀಪಾವಳಿಗೆ ಝಡ್6 ಮಾರ್ಕ್ 2 ಕೊಳ್ಳುತ್ತೇನೆ. ವಿನಿಮಯಕ್ಕೆ ಅಂಗಡಿಯವರು ಹೇಳಿದ ಬೆಲೆಗೆ ಹಳೆಯದನ್ನು ಕೊಡಲು ಮನಸ್ಸಿಲ್ಲ. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಚಿತ್ರಗಳಿಗೆ ಅದೇ ಸಾಕು, ಅಲ್ಲಿ ಯಾರೂ ಧೀಂಗಿಣ ಹಾಕುವುದಿಲ್ಲ.